ಹೆಬ್ಬೆರಳು ಒಪ್ಪಿದ ಗಾಜು

ಜನವರಿ 12

ಯಾಕಮ್ಮನಿಗೆ,

ಕಾಗದವನ್ನು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಆದರೂ ನೀನು ಅದನ್ನು ಪಕ್ಕಕ್ಕೆ ಸರಿಸಿ ಮೊದಲು ಗಾಜನ್ನೇ ಬೆಳಕಿಗೆ ಹಿಡಿದಿರುತ್ತೀಯ. ಹಿಡಿ, ಬೈಯುವುದಿಲ್ಲ. ನಿನ್ನಪ್ಪ, ಅಂದರೆ ನನ್ನ ತಮ್ಮ, ನಿನ್ನನ್ನು ನಾನು ಗಾಜು ಊದುವ ಬೆಂಚಿನ ಪಕ್ಕ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲೂ ನೀನು ಹೀಗೆಯೇ. ಮೊದಲು ಕೈ, ಆಮೇಲೆ ‘ಯಾಕೆ?’ ಆ ‘ಯಾಕೆ’ಯಿಂದಲೇ ಈಗ ನಿನಗೆ ಸಂಬಳ ಬರುತ್ತಿದೆ. ನನ್ನ ತಲೆ ತಿಂದದ್ದು ದಂಡವಾಗಲಿಲ್ಲ.

ನೀನು ಕಳಿಸಿದ ಚಿತ್ರದಂತೆಯೇ ಮಾಡಿದ್ದೇನೆ. ಮೇಲೊಂದು ಬಟ್ಟಲು, ಕೆಳಗೊಂದು ಬಟ್ಟಲು, ಬಾಯಿಗೆ ಬಾಯಿ. ನಡುವೆ ನೀನು ಚರ್ಮದ ತುಂಡು ಇಟ್ಟು, ಮೇಲೆ ಔಷಧಿ ಹಾಕಿ, ಕೆಳಗೆ ಎಷ್ಟು ಇಳಿಯಿತು ಎಂದು ಕಾಯುತ್ತೀಯಂತೆ. ಕೆಳಗಿನ ಬಟ್ಟಲಿಗೆ ಇನ್ನೊಂದು ಗಾಜಿನ ಅಂಗಿ ತೊಡಿಸಿದ್ದೇನೆ. ಬೆಚ್ಚಗಿನ ನೀರು ಅದರೊಳಗೆ ಸುತ್ತಿಕೊಂಡಿರಲಿ. ಯಾರ ಚರ್ಮ ಎಂದು ನಾನು ಕೇಳಲಿಲ್ಲ. ನೀನು ಹೇಳಿದರೂ ಊಟದ ಹೊತ್ತಿನಲ್ಲಿ ಹೇಳಬೇಡ.

ಬಾಯಿಗಳ ವಿಷಯ. ಕಲ್ಲಿನ ಮೇಲೆ ಮಟ್ಟಸವಾಗಿ ತಿಕ್ಕಿದ್ದೇನೆ. ಅಳೆಯುವ ಉಪಕರಣ ಯಾವುದು ಎಂದು ನಿಮ್ಮ ಮುಖ್ಯಸ್ಥರು ಕೇಳಿದರಂತೆ. ನನ್ನ ಬಲಗೈ ಹೆಬ್ಬೆರಳು ಎಂದು ಹೇಳು. ಅದನ್ನು ಅಂಚಿನ ಮೇಲೆ ಒಂದು ಸುತ್ತು ಓಡಿಸಿದರೆ ಕೂದಲಿನಷ್ಟು ತಗ್ಗಿದ್ದರೂ ತಿಳಿಯುತ್ತದೆ. ಹೆಬ್ಬೆರಳು ಒಪ್ಪಿದ ಮೇಲೆ ಮಾತ್ರ ಪಕ್ಕದ ಕೊಳವೆಯ ಬುಡಕ್ಕೆ ಸಾಸಿವೆ ಗಾತ್ರದ ನೀಲಿ ಮಣಿ ಅಂಟಿಸುತ್ತೇನೆ. ನೀಲಿ ಮಣಿ ಇದ್ದ ನನ್ನ ಗಾಜು ಇದುವರೆಗೆ ಎಲ್ಲೂ ಸೋರಿಲ್ಲ.

ಫೋನ್ ಎತ್ತಲಿಲ್ಲ ಎಂದು ಸಿಡುಕಬೇಡ. ಎರಡು ಕೈಯೂ ಗಾಜಿನಲ್ಲಿರುವಾಗ ಯಾವ ಕೈಯಿಂದ ಎತ್ತಲಿ? ಪೆಟ್ಟಿಗೆ ಬರುತ್ತದೆ, ಕಾಗದವೂ ಬರುತ್ತದೆ.

ನಿನ್ನ ಬೆಂಕಿ ಅತ್ತೆ

*

ಜನವರಿ 28

ಅತ್ತೆಗೆ,

ಹೌದು, ಮೊದಲು ಗಾಜನ್ನೇ ನೋಡಿದೆ.

ಕಿಟಕಿಯ ಬಳಿ ಸಾಲಾಗಿ ನಿಲ್ಲಿಸಿದ್ದೇನೆ. ಬೆಳಗಿನ ಹೊತ್ತು ಅವುಗಳ ಮೂಲಕ ಎದುರಿನ ಕಟ್ಟಡ ಬಾಗಿ ಕಾಣುತ್ತದೆ. ನಮ್ಮ ಮುಖ್ಯಸ್ಥರು ಬಂದು ನೀಲಿ ಮಣಿಯನ್ನು ಉಗುರಿನಿಂದ ತಟ್ಟಿ, “ಇದೇನ್ರೀ, ಅಲಂಕಾರಾನಾ?” ಎಂದರು. “ಸಹಿ ಸರ್,” ಎಂದೆ. ಅವರಿಗೆ ಕಾರ್ಖಾನೆಯ ಬಟ್ಟಲುಗಳೇ ಬೇಕಿತ್ತು. ಇವು ಸೋರಿದರೆ ಜವಾಬ್ದಾರಿ ನನ್ನದು ಎಂದು ಹೇಳಿ ತರಿಸಿದ್ದೇನೆ. ಹೇಳುವಾಗ ಧ್ವನಿ ಸ್ವಲ್ಪ ಏರಿತ್ತು ಎಂದು ಪಕ್ಕದವರು ಆಮೇಲೆ ನಕ್ಕರು.

ನನ್ನ ಕೆಲಸ ಏನೆಂದು ನೀನು ಹಿಂದೊಮ್ಮೆ ಕೇಳಿದ್ದೆ ಅಲ್ಲವೇ? ನಮ್ಮ ಮೈಯ ಅತ್ಯಂತ ಹೊರಗಿನ ಪದರ ಈರುಳ್ಳಿಯ ಒಳಸಿಪ್ಪೆಗಿಂತಲೂ ತೆಳು. ಅದು ಸತ್ತ ಪದರ. ಆದರೂ ಹೊರಗಿನದನ್ನು ಹೊರಗೆ, ಒಳಗಿನದನ್ನು ಒಳಗೆ ಇಡುವುದು ಅದೇ. ಬೆಚ್ಚಗಾದರೆ ಅದು ಸ್ವಲ್ಪ ಸಡಿಲವಾಗುತ್ತದೆ, ಹಚ್ಚಿದ ಔಷಧಿ ಹೆಚ್ಚು ಒಳಗಿಳಿಯುತ್ತದೆ. ಬಿಸಿ ಮತ್ತೂ ಏರಿದರೆ ಅದರೊಳಗಿನ ಜಿಡ್ಡು ಕರಗಿ ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಸುಟ್ಟು ಹಸಿಯಾದ ಕಡೆಯಂತೂ ಬಾಗಿಲೇ ಇಲ್ಲದ ಮನೆ. ಯಾವ ಬಿಸಿಗೆ ಯಾವ ಔಷಧಿ ಎಷ್ಟು ಇಳಿಯುತ್ತದೆ ಎಂಬುದು ನನ್ನ ಪಾಲಿನ ಪ್ರಶ್ನೆ. ಔಷಧಿ, ನೋವು ಮರೆಸುವ ಮುಲಾಮು. ಚರ್ಮ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದು, ಒಪ್ಪಿ ಕೊಟ್ಟವರದ್ದು.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಸುಟ್ಟಗಾಯದ ವಾರ್ಡಿನ ಹಿರಿಯ ನರ್ಸ್. ಅಲ್ಲಿ ಪಟ್ಟಿ ಬದಲಿಸುವ ಹೊತ್ತಿನಲ್ಲಿ ನಾನು ಒಮ್ಮೆ ನಿಂತಿದ್ದೆ. ಆ ಕೂಗಿನ ಬಗ್ಗೆ ಬರೆಯುವುದಿಲ್ಲ. ಹೊರಗೆ ಬಂದಾಗ ಆಕೆ, “ನೀವು ಪುಸ್ತಕ ಬರೀರಿ, ಬೇಡ ಅನ್ನಲ್ಲ. ನನಗೆ ಮಾತ್ರ ಯಾರಿಗೆ ಎಷ್ಟು ಹಚ್ಚಬಹುದು ಅಂತ ಹೇಳಿ, ಸಾಕು,” ಎಂದರು. ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಏನಾಗುತ್ತದೆ ಎಂಬ ವಿವರಗಳಿವೆ. ನಿನಗೆ ಅವು ಬೇಡ. ನೀನು ಹೆದರುವವಳಲ್ಲ, ನಗುವವಳು.

ಇನ್ನೊಂದು ಕಂತು ಬೇಕು. ಬಿಸಿ ಕಾಣದ ಚರ್ಮಕ್ಕೆ ಈ ಬಟ್ಟಲುಗಳು, ಬಿಸಿ ಕಂಡದ್ದಕ್ಕೆ ಹೊಸವು. ಒಂದಕ್ಕೊಂದು ಬೆರೆಯಬಾರದು. ಬೇಗ ಆದರೆ ಒಳ್ಳೆಯದು, ವಾರ್ಡು ಕಾಯುತ್ತಿದೆ. ಕೈ ಹೇಗಿದೆ?

ನಿನ್ನ ಯಾಕಮ್ಮ

*

ಫೆಬ್ರವರಿ 20

ಯಾಕಮ್ಮನಿಗೆ,

ಕೈ ಹೇಗಿದೆ ಎಂದು ಕೇಳಿದ್ದೀಯ. ತೋಳಿನ ತುದಿಯಲ್ಲೇ ಇದೆ.

ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ ಎಂದುಕೊ. ಬೇಗ ಬೇಕೆಂದೆ, ಬೇಗ ಮಾಡಿದ್ದೇನೆ. ಉಳಿದ ಗಿರಾಕಿಗಳನ್ನೆಲ್ಲ ತಳ್ಳಿ ನಿನ್ನದನ್ನೇ ಮುಂದಕ್ಕೆ ಹಾಕಿಕೊಂಡೆ. ಒಬ್ಬ ಗಿರಾಕಿ ಬಂದು, “ಏನಮ್ಮಾ, ನಮ್ದು ಯಾವಾಗ?” ಎಂದ. “ನನ್ನ ಸೊಸೆ ವಾರ್ಡಿಗೆ ಔಷಧಿ ಅಳೀತಾಳೆ. ನಿನ್ನ ಶಾಲೆಯ ಪ್ರನಾಳ ಮುಂದಿನ ತಿಂಗಳೂ ಪ್ರನಾಳವೇ,” ಎಂದೆ. ಸೊಸೆ ಎಂದಕೂಡಲೇ, “ಅತ್ತೆ ಸೊಸೆ ಇಷ್ಟು ಚೆನ್ನಾಗಿದ್ದೀರಾ?” ಎಂದು ಬಾಯಿ ಬಿಟ್ಟ. ತಮ್ಮನ ಮಗಳು ಕಣಯ್ಯಾ, ಮಗನ ಹೆಂಡತಿಯಲ್ಲ ಎಂದು ಬಿಡಿಸಿ ಹೇಳುವ ಹೊತ್ತಿಗೆ ನನ್ನ ಒಂದು ಕೊಳವೆ ಬಾಗಿಹೋಯಿತು.

ಬೇರೆ ಸಮಾಚಾರವೆಂದರೆ ಮುಪ್ಪು ಬಾಗಿಲು ತಟ್ಟಿದೆ. ಸಂಜೆ ಉರಿಯನ್ನು ಆರಿಸಿ ಒಳಗೆ ಹೋದರೆ ಮತ್ತೆ ಅದೇ ಸುಂಯ್ ಸದ್ದು. ಎದ್ದು ಬಂದು ನೋಡಿದರೆ ಬರ್ನರ್ ಆರಿಯೇ ಇದೆ. ಕೂತರೆ ಮತ್ತೆ ಸುಂಯ್. ಕಾಫಿ ಕುಡಿದರೆ ಮೊಳೆ ನೆಕ್ಕಿದ ರುಚಿ. ನಾಲಿಗೆಯೂ ಜುಮ್ಮೆನ್ನುತ್ತದೆ. ಹಾಲಿನವನನ್ನು ಬೈದೆ. ಪಾಪ, ಅವನ ಹಾಲು ಸರಿಯಾಗಿಯೇ ಇತ್ತು.

ಗಾಜಿನ ವಿಷಯದಲ್ಲಿ ಮುಪ್ಪು ಇಲ್ಲ. ಈ ಸಲ ಹೆಬ್ಬೆರಳು ಎಷ್ಟು ಬೇಗ ಒಪ್ಪಿತೆಂದರೆ ನನಗೇ ಆಶ್ಚರ್ಯ. ಒಂದನ್ನೂ ಮತ್ತೆ ಕಲ್ಲಿಗೆ ಹಾಕಬೇಕಾಗಲಿಲ್ಲ. ಒಂದು ಜೊತೆ ಹೆಚ್ಚು ಮಾಡಿ ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಕಪಾಟಿನಲ್ಲಿ ಚೆಂದ ಕಾಣುತ್ತದೆ.

ಬೆಂಕಿ ಅತ್ತೆ

*

ಮಾರ್ಚ್ 9

ಅತ್ತೆಗೆ,

ಇದನ್ನು ನಾಳೆ ಬರೆಯಬೇಕಿತ್ತು, ಸ್ವಲ್ಪ ತಣ್ಣಗಾದ ಮೇಲೆ. ಆಗುತ್ತಿಲ್ಲ.

ಸುಡುವಷ್ಟು ಬಿಸಿಯಲ್ಲ, ಬೆಂಕಿಯ ಮುಂದೆ ಕೆಲಸ ಮಾಡುವವರ ಮುಂಗೈಗೆ ತಾಗುವಷ್ಟೇ ಬಿಸಿ. ಅಷ್ಟು ಸೋಕಿದ ಚರ್ಮವೂ ಮುಲಾಮನ್ನು ಹತ್ತಾರು ಪಟ್ಟು ಹೆಚ್ಚು ಒಳಗೆ ಬಿಟ್ಟಿದೆ. ಹೀಗೆ ಯಾರೂ ಅಂದುಕೊಂಡಿರಲಿಲ್ಲ. ಮುಖ್ಯಸ್ಥರು ಅಂಕಿಗಳನ್ನು ನೋಡಿ ತಮ್ಮ ಕೋಣೆಗೆ ಹೋದರು. ಮತ್ತೆ ತಮ್ಮ ಚಹಾ ಲೋಟವನ್ನು ಹಿಡಿದು ನನ್ನ ಮೇಜಿಗೇ ಬಂದು ಕುಳಿತರು. ಆ ಮನುಷ್ಯ ಇನ್ನೊಬ್ಬರ ಮೇಜಿನಲ್ಲಿ ಕೂತು ಚಹಾ ಕುಡಿದದ್ದನ್ನು ಈ ಮಹಡಿಯಲ್ಲಿ ಯಾರೂ ಕಂಡಿಲ್ಲ. ಲೋಟ ಮುಗಿದ ಮೇಲೆ, “ನಿಮ್ಮ ಅತ್ತೆಗೆ ಹೇಳಿ,” ಎಂದರು. ಏನು ಹೇಳಬೇಕೆಂದು ಹೇಳಲಿಲ್ಲ. ಹೇಳಿದ್ದೇನೆ.

ನಿನ್ನ ಗಾಜಿನಲ್ಲಿ ನನ್ನ ಕೆಲಸ ಕಾಣಿಸಿತು ಎಂಬುದನ್ನು ದೊಡ್ಡ ಮಾತು ಮಾಡದೆ ಬರೆಯುವುದು ಹೇಗೆಂದು ಗೊತ್ತಾಗುತ್ತಿಲ್ಲ. ಆದ್ದರಿಂದ ಬಿಡುತ್ತೇನೆ.

ನರ್ಸ್ ಮಾತ್ರ ಹಿಗ್ಗಲಿಲ್ಲ. ಈ ಲೆಕ್ಕದ ಪ್ರಕಾರ ಸ್ವಲ್ಪ ಬಿಸಿ ತಾಗಿದವರಿಗೂ ಮುಲಾಮು ಉಗುರಿನ ತುದಿಯಷ್ಟೇ. “ಅಷ್ಟೇನಾ? ಅಷ್ಟು ಹಚ್ಚೋ ಬದ್ಲು ಊದಿದ್ರೂ ಆಯ್ತಲ್ಲ,” ಎಂದರು. ಸುರಕ್ಷತೆ ಮುಖ್ಯ ಎಂದೆ. ನಾನು ಹೇಳಿದ್ದು ಸರಿ. ಆದರೂ ಆಕೆಯ ಮುಖ ನೋಡದೆ ಹೇಳಿದೆ.

ನಿನ್ನ ಕಿವಿಯ ಸದ್ದಿಗೆ ಕಿವಿ ಡಾಕ್ಟರನ್ನು ನೋಡು. ಅಷ್ಟು ವರ್ಷ ಬರ್ನರ್ ಪಕ್ಕ ಕೂತರೆ ಆಗುವುದೇ. ಹಾಲಿನವನ ಬಳಿ ಕ್ಷಮೆ ಕೇಳು.

ಯಾಕಮ್ಮ

*

ಮಾರ್ಚ್ 24

ಅತ್ತೆಗೆ,

ಇಲ್ಲಿ ಸೆಖೆ ಶುರುವಾಗಿದೆ. ಕಿಟಕಿಗೆ ಪರದೆ ಹಾಕಿಸಿದ್ದಾರೆ, ಹಾಗಾಗಿ ಎದುರಿನ ಕಟ್ಟಡ ಈಗ ಕಾಣುವುದಿಲ್ಲ.

ಒಂದು ಸಣ್ಣ ವಿಷಯ. ಎರಡನೆಯ ಕಂತಿನ ಬಾಯಿಗಳನ್ನು ನೀನೇ ತಿಕ್ಕಿದ್ದೆಯಾ? ಕಲ್ಲು ಬದಲಾಯಿಸಿದ್ದೆಯಾ? ಸುಮ್ಮನೆ ಕೇಳಿದೆ, ವರದಿಯಲ್ಲಿ ವಿವರ ಬರೆಯಬೇಕು.

ಉಳಿದಂತೆ ಎಲ್ಲ ಸರಿ. ವಾರ್ಡಿಗೆ ಹೋಗಬೇಕಿದ್ದ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇದೆ. ಅವಸರವೇನಿಲ್ಲ.

ಯಾಕಮ್ಮ

*

ಏಪ್ರಿಲ್ 2

ಯಾಕಮ್ಮನಿಗೆ,

ನನ್ನ ಬೆಂಚಿನಲ್ಲಿ ನಾನಲ್ಲದೆ ಇನ್ನಾರು ಕೂರುತ್ತಾರೆ? ಕಲ್ಲು ಅದೇ ಕಲ್ಲು. ‘ಸುಮ್ಮನೆ ಕೇಳಿದೆ’ಯಂತೆ. ಹುಟ್ಟಿದಾಗಿನಿಂದ ನೀನು ಯಾವುದನ್ನು ಸುಮ್ಮನೆ ಕೇಳಿದ್ದೀಯ? ಇಷ್ಟು ಸಾಲುಗಳನ್ನು ಬರೆದು, ಲಕೋಟೆಗೆ ಅಂಟು ಹಚ್ಚುವ ಮೊದಲು, ಕೋಪದಲ್ಲಿ ಕಪಾಟಿನಿಂದ ಆ ಒಂದು ಜೊತೆಯನ್ನು ತೆಗೆದೆ. ಬಾಯಿಯ ಸುತ್ತ ಹೆಬ್ಬೆರಳು ಓಡಿಸಿದೆ. ಒಪ್ಪಿತು. ನೋಡಿದೆಯಾ ಎಂದು ಗೋಡೆಗೆ ಹೇಳಿದೆ.

ಆಮೇಲೆ ಅದನ್ನು ಕೆಳಗಿಡಲು ಎಡಗೈಗೆ ಬದಲಾಯಿಸಿದೆ. ಎಡ ಹೆಬ್ಬೆರಳು ಅಂಚಿಗೆ ತಾಗಿತು. ಅದು ಬೇರೆಯೇ ಮಾತು ಹೇಳಿತು.

ಎರಡೂ ಬಾಯಿಗಳನ್ನು ಎಡಗೈಯಿಂದ ಮತ್ತೆ ನೋಡಿದೆ. ಒಂದು ಕಡೆ ತಗ್ಗು. ಕೂದಲಿನಷ್ಟಲ್ಲ, ದಾರದಷ್ಟು. ಎರಡು ಬಟ್ಟಲುಗಳ ನಡುವೆ ಒದ್ದೆ ಕಾಗದ ಇಟ್ಟು ಬಿಗಿದು ನೀರು ತುಂಬಿ ನಿಲ್ಲಿಸಿದೆ. ಮಧ್ಯಾಹ್ನ ಬಂದು ನೋಡಿದರೆ ಬೆಂಚು ಒದ್ದೆ. ಬಟ್ಟೆಯಿಂದ ಒರೆಸಿದೆ. ಮತ್ತೆ ಒದ್ದೆಯಾಯಿತು.

ಹಾಗಾಗಿ ವರದಿಯಲ್ಲಿ ಬರೆ: ಗಾಜು ಸೋರಿದೆ, ಊದಿದವಳು ಇಂಥವಳು. ನೀನು ಮುಚ್ಚಿಟ್ಟು ನನ್ನನ್ನು ಕಾಪಾಡುವ ಅಗತ್ಯವಿಲ್ಲ. ನಾನು ಏನು, ಒಡೆದುಹೋಗುತ್ತೇನೆಯೇ?

ಹೇಳದೇ ಉಳಿಸಿದ್ದು ನನ್ನ ಕಡೆಯೂ ಒಂದಿದೆ. ಫೆಬ್ರವರಿ ಮೊದಲಲ್ಲಿ ಉರಿಯ ಮೇಲಿದ್ದ ದಪ್ಪ ಕೊಳವೆ ಸಿಡಿದು ಬಲಗೈ ಮೇಲೆ ಬಿತ್ತು. ಹೆಬ್ಬೆರಳಿನಿಂದ ಮೊಣಕೈವರೆಗೆ ಸಿಪ್ಪೆ ಎದ್ದಿತು. ಹೇಳಿದ್ದರೆ ನೀನು ಕೆಲಸ ನಿಲ್ಲಿಸು ಎನ್ನುತ್ತಿದ್ದೆ. ಕಾರ್ಖಾನೆಯ ಬಟ್ಟಲುಗಳು ಬಂದು ನಿನ್ನ ಕಿಟಕಿಯಲ್ಲಿ ಕೂರುತ್ತಿದ್ದವು. ಔಷಧಿ ಅಂಗಡಿಯವನು ನೋವು ಮರೆಸುವ ಮುಲಾಮು ಕೊಟ್ಟ. ಒಳ್ಳೆಯ ಮುಲಾಮು. ಒರೆಸಿಹೋಗಬಾರದೆಂದು ಅದರ ಮೇಲೆ ಪ್ಯಾಕಿಂಗಿನ ತೆಳು ಪ್ಲಾಸ್ಟಿಕ್ ಸುತ್ತಿಕೊಂಡು ಉರಿಯ ಮುಂದೆ ಕೂತೆ. ನೋವೇ ಇಲ್ಲ. ಕೈಯೇ ಇಲ್ಲದ ಹಾಗೆ ಹಗುರ. ಗಾಯ ಇನ್ನೂ ಪೂರ್ತಿ ಕೂಡಿಲ್ಲ.

ಹೆಬ್ಬೆರಳಿಗೆ ವಯಸ್ಸಾಯಿತು, ಅಷ್ಟೇ. ಇನ್ನೊಂದು ಕಂತು ಮಾಡಿ ಕೊಟ್ಟು ಅಂಗಡಿ ಮುಚ್ಚುತ್ತೇನೆ. ಈಗಾಗಲೇ ಶುರು ಮಾಡಿದ್ದೇನೆ. ಬೇಗ ಮುಗಿಯಲೆಂದು ಮುಲಾಮನ್ನು ಇನ್ನೂ ಧಾರಾಳವಾಗಿ ಹಚ್ಚಿಕೊಂಡಿದ್ದೇನೆ. ಕಿವಿಯ ಸುಂಯ್ ಜೋರಾಗಿದೆ, ಆಗಾಗ ತಲೆ ಗಿರ್ ಎನ್ನುತ್ತದೆ. ಆಗಲಿ.

ಅತ್ತೆ

*

ಏಪ್ರಿಲ್ 6

ಅತ್ತೆಗೆ,

ನಿನ್ನೆ ಫೋನಿನಲ್ಲಿ ಕಿರುಚಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀನು ಎತ್ತುವವರೆಗೆ ಅದು ಎಷ್ಟು ಸಲ ಬಡಿದುಕೊಂಡಿತೋ ನನಗೆ ಗೊತ್ತಿಲ್ಲ. ನಡುವೆ ನಾನು ಕುಳಿತಿದ್ದೆನೋ ನಿಂತಿದ್ದೆನೋ ಅದೂ ಗೊತ್ತಿಲ್ಲ. ಕೊನೆಗೆ ನೀನು ಎತ್ತಿ, “ಯಾರದು, ಬೆಂಕಿ ಬಿದ್ದಿದ್ಯಾ?” ಎಂದೆ. ನನ್ನ ಜನ್ಮದಲ್ಲಿ ಯಾವ ಮಾತಿಗೂ ಅಷ್ಟು ಸಂತೋಷಪಟ್ಟಿಲ್ಲ.

ನೀನು ಪ್ಲಾಸ್ಟಿಕ್ ಕಿತ್ತು ಕೈ ತೊಳೆದು ಆಸ್ಪತ್ರೆಗೆ ಹೋದೆ ಎಂದು ತಿಳಿಯಿತು. ಅಲ್ಲಿನ ಡಾಕ್ಟರ್ ರಾತ್ರಿಯೆಲ್ಲ ಎದೆಯ ಬಡಿತ ನೋಡಿದರೆಂದೂ ತಿಳಿಯಿತು. ಈಗ ಕಿರುಚದೆ ಬರೆಯುತ್ತೇನೆ.

ಬರ್ನರ್ ಆರಿದ ಮೇಲೂ ಕೇಳಿದ ಸುಂಯ್, ಮೊಳೆಯ ರುಚಿಯ ಕಾಫಿ, ಜುಮ್ಮೆನ್ನುವ ನಾಲಿಗೆ. ಅವು ಮುಪ್ಪಲ್ಲ, ಮುಲಾಮು. ಸಿಪ್ಪೆ ಎದ್ದ ಕೈ, ಅದರ ಮೇಲೆ ಪ್ಲಾಸ್ಟಿಕ್, ಅದರ ಮುಂದೆ ಉರಿ. ಚರ್ಮದ ಬಾಗಿಲು ತೆಗೆಯಲು ಎಷ್ಟು ದಾರಿಗಳಿವೆಯೋ ಅಷ್ಟನ್ನೂ ನೀನು ಒಟ್ಟಿಗೆ ಹಿಡಿದೆ. ಔಷಧಿ ನೆಟ್ಟಗೆ ರಕ್ತಕ್ಕೆ ಇಳಿದಿದೆ. ಇನ್ನೊಂದಿಷ್ಟು ಇಳಿದಿದ್ದರೆ ಏನಾಗುತ್ತಿತ್ತು ಎಂಬ ವಿವರಗಳನ್ನು ಜನವರಿಯಲ್ಲಿ ನಾನು ಬರೆಯದೆ ಬಿಟ್ಟೆ. ಬರೆದಿದ್ದರೆ ನೀನೇ ಗುರುತಿಸುತ್ತಿದ್ದೆ. ಫೆಬ್ರವರಿಯಲ್ಲಿ ಆ ಮೂರೂ ಲಕ್ಷಣಗಳನ್ನು ನೀನು ನಿನ್ನ ಕೈಯಾರೆ ಬರೆದು ಕಳಿಸಿದೆ. ಈ ವಿಷಯವನ್ನೇ ಓದಿ, ಇದರಿಂದಲೇ ಹೆಸರು ಮಾಡಬೇಕೆಂದಿದ್ದ ನಾನು ಹಾಲಿನವನ ಬಳಿ ಕ್ಷಮೆ ಕೇಳು ಎಂದು ಬರೆದೆ.

ಮಾರ್ಚಿನ ಕಾಗದದ ಹಿಂದೆ ಏನಿತ್ತೆಂದರೆ, ಊದಿದರೂ ಆಯಿತಲ್ಲ ಎಂದ ನರ್ಸ್ ಮಾತು ನನ್ನನ್ನು ಬಿಡಲಿಲ್ಲ. ಒಂದು ಸಂಜೆ ಬಟ್ಟಲುಗಳಿಗೆ ಚರ್ಮದ ಬದಲು ದಪ್ಪ ರಬ್ಬರ್ ಹಾಳೆ ಇಟ್ಟು, ಮೇಲೆ ನೀಲಿ ಬಣ್ಣದ ನೀರು ಹಾಕಿದೆ. ಏನೂ ಇಳಿಯಬಾರದು. ಮೊದಲನೆಯ ಕಂತಿನಲ್ಲಿ ಇಳಿಯಲಿಲ್ಲ. ಎರಡನೆಯದರಲ್ಲಿ ಅಂಚಿನ ಸಂದಿಯಿಂದ ಸೋರಿ ಕೆಳಗಿನ ಬಟ್ಟಲೆಲ್ಲ ನೀಲಿ. ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು, ಹೊಸದಾಗಿ ಸೇರಿದವರಿಗೆ ನಾನೇ ಅದನ್ನು ಕಲಿಸುತ್ತೇನೆ. ನೀಲಿ ಮಣಿ ಇದೆಯಲ್ಲ ಎಂದು ಮಾಡಿರಲಿಲ್ಲ. ಬಿಸಿ ಕಂಡ ಚರ್ಮವನ್ನೆಲ್ಲ ಎರಡನೆಯ ಕಂತಿಗೇ ಇಟ್ಟಿದ್ದೆ. ನಾನು ಕಂಡುಹಿಡಿದದ್ದು ಚರ್ಮದ ಗುಣವಲ್ಲ, ನಿನ್ನ ಗಾಜಿನ ತಗ್ಗು. ನಿನಗೆ ಹೇಳಲಾರದೆ ಸೆಖೆಯ ಬಗ್ಗೆ ಬರೆದೆ.

ಇಂದು ಬೆಳಗ್ಗೆ ಎಲ್ಲರ ಮುಂದೆ ಅಂಕಿಗಳನ್ನು ಹಿಂತೆಗೆದುಕೊಂಡೆ. ಸೋರಿದ್ದು ಗಾಜು, ಪರೀಕ್ಷಿಸದೆ ನಂಬಿದ್ದು ನಾನು ಎಂದೆ. ಯಾಕೆ ಸೋರಿತು ಎಂಬುದನ್ನೂ ಹೇಳಿದೆ, ನಿನ್ನ ಕೈ, ನಿನ್ನ ಪ್ಲಾಸ್ಟಿಕ್, ಎಲ್ಲ. ಕೊನೆಗೆ ಮುಖ್ಯಸ್ಥರು ಕೇಳಿದ್ದು ಒಂದೇ: “ಅವರು ಎಡಗೈಯಲ್ಲಿ ಮತ್ತೆ ನೋಡಿದ್ರಾ? ತಾವಾಗೇ?” ಹೌದು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ನನ್ನ ಧ್ವನಿ ಮತ್ತೆ ಸ್ವಲ್ಪ ಏರಿತ್ತಂತೆ.

ನಿನ್ನ ಹೆಬ್ಬೆರಳಿಗೆ ವಯಸ್ಸಾಗಿಲ್ಲ ಅತ್ತೆ. ಅದು ನಿದ್ದೆಯಲ್ಲಿತ್ತು. ಅಂಗಡಿ ಮುಚ್ಚುವ ಮಾತನ್ನು ಅದು ಎದ್ದ ಮೇಲೆ ಅದನ್ನೇ ಕೇಳಿ ತೀರ್ಮಾನಿಸು.

ಯಾಕಮ್ಮ

*

ಮೇ 30

ಯಾಕಮ್ಮನಿಗೆ,

ಈಗ ಬರ್ನರ್ ಉರಿದರೆ ಮಾತ್ರ ಸದ್ದು. ಕಾಫಿ ಕಾಫಿಯಂತಿದೆ. ಹಾಲಿನವನಿಗೆ ಒಂದು ಹೂಜಿ ಊದಿಕೊಟ್ಟೆ, ಕ್ಷಮೆ ಕೇಳುವುದಕ್ಕಿಂತ ಅದು ಸುಲಭ.

ಕೈಗೆ ಹೊಸ ಚರ್ಮ ಬಂದಿದೆ. ಇಲಿಮರಿಯ ಬಣ್ಣ. ಡಾಕ್ಟರ್ ಉರಿಯ ಹತ್ತಿರ ಸುಳಿಯಬೇಡಿ ಎಂದಿದ್ದರು. ಸುಳಿಯಲಿಲ್ಲ, ದೂರದಲ್ಲಿ ಕೂತು ಬೆಂಚನ್ನು ನೋಡುತ್ತಿದ್ದೆ. ಅವರಿಗೆ ನೀನು ಯಾರೆಂದು ಹೇಳಿದೆ. “ಹಾಗಾದ್ರೆ ನಿಮಗೆ ಮೊದಲೇ ಗೊತ್ತಿರಬೇಕಿತ್ತಲ್ವಾ?” ಎಂದರು. “ನಮ್ಮ ಮನೇಲಿ ಗೊತ್ತಿರೋರು ಹೇಳಲ್ಲ, ಹೇಳೋರು ಕೇಳಲ್ಲ,” ಎಂದೆ. ಅವರು ನಗುತ್ತಾ ಪಟ್ಟಿ ಬಿಚ್ಚಿದರು. ನೋವಾಯಿತು. ನಿನ್ನ ವಾರ್ಡಿನವರು ನೆನಪಿಗೆ ಬಂದರು.

ಎಲ್ಲರ ಮುಂದೆ ನನ್ನ ಹೆಸರು ಹೇಳಿದ್ದು ಸರಿ. ಅದಕ್ಕೆ ಎರಡು ವಾರ ಮುಂಚೆ ಸೆಖೆಯ ಬಗ್ಗೆ ಬರೆದದ್ದು ಸರಿಯಲ್ಲ. ಲೆಕ್ಕ ಚುಕ್ತಾ.

ಸೋರಿದ ಕಂತನ್ನು ಹಿಂದಕ್ಕೆ ಕಳಿಸು. ಹೊಸ ಕಂತು ಹೆಬ್ಬೆರಳು ಎದ್ದ ಮೇಲೆ.

ಅತ್ತೆ

*

ಸೆಪ್ಟೆಂಬರ್ 14

ಅತ್ತೆಗೆ,

ನೀನು ಕಳಿಸಿದ ಹೊಸ ಕಂತು ಬಂದಾಗ ಈ ಸಲ ಮಣಿ ನೋಡಿ ನಂಬಲಿಲ್ಲ. ಒಂದೊಂದಕ್ಕೂ ರಬ್ಬರ್ ಇಟ್ಟು, ನೀಲಿ ನೀರು ಹಾಕಿ, ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಮುಖ್ಯಸ್ಥರು ನನಗಿಂತ ಮೊದಲೇ ಬಂದು ಬಗ್ಗಿ ನೋಡುತ್ತಿದ್ದರು. ಕೆಳಗಿನ ನೀರು ನೀರಿನ ಬಣ್ಣದಲ್ಲೇ ಇತ್ತು.

ನಿಜವಾದ ಉತ್ತರ ಮೊದಲಿನದರಷ್ಟು ಬೆರಗಿನದಲ್ಲ. ಬೆಚ್ಚಗಾದ ಚರ್ಮ ಸ್ವಲ್ಪ ಹೆಚ್ಚು ಬಿಡುತ್ತದೆ, ತಣ್ಣಗಾದರೆ ಮತ್ತೆ ಮೊದಲಿನಂತೆ. ಒಂದು ಮಿತಿ ದಾಟಿದರೆ ಮರಳುವುದಿಲ್ಲ. ಸಿಪ್ಪೆ ಹೋದ ಕಡೆ, ಮೇಲೆ ಏನಾದರೂ ಸುತ್ತಿದರೆ, ತಡೆಯೇ ಇಲ್ಲ. ಈ ಕೊನೆಯ ಪ್ರಯೋಗ ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಿನ್ನ ಕೈ ಅದನ್ನು ಸೇರಿಸಿತು. ಡಾಕ್ಟರುಗಳು ಅತ್ಯಂತ ಹೆಚ್ಚು ಪ್ರಶ್ನೆ ಕೇಳಿದ್ದೂ ಅದರ ಬಗ್ಗೆಯೇ.

ಈಗ ವಾರ್ಡಿನಲ್ಲಿ ಮೂರು ಅಳತೆಗಳಿವೆ. ಕೆಂಪಾಗಿಯೂ ಸಿಪ್ಪೆ ಹರಿಯದವರಿಗೆ ಸಾಕಷ್ಟು. ಸಣ್ಣ ಹಸಿ ಗಾಯಕ್ಕೆ ತುಸುವೇ, ಮೇಲೆ ಏನೂ ಸುತ್ತದೆ. ದೊಡ್ಡ ಗಾಯಕ್ಕೆ ಈ ಮುಲಾಮು ಬೇಡ, ಬೇರೆ ದಾರಿ. ಮಾರ್ಚಿನ ಅಂಕಿಗಳು ಹೊರಟಿದ್ದರೆ ಮೊದಲನೆಯವರೆಲ್ಲ ಸುಮ್ಮನೆ ನರಳುತ್ತಿದ್ದರು.

ನಿನ್ನೆ ಪಟ್ಟಿ ಬದಲಿಸುವ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ಈ ಸಲ ಒಳಗೆ ಹೋಗಲಿಲ್ಲ, ಬಾಗಿಲ ಬಳಿ ನಿಂತೆ. ನರ್ಸ್ ತಾವಾಗಿಯೇ ಹೊರಗೆ ಬಂದರು. “ಒಳಗೆ ರೇಡಿಯೋ ಇದೆ, ಗೊತ್ತಾ?” ಎಂದರು. ಗೊತ್ತಿಲ್ಲ ಎಂದೆ. “ಯಾವಾಗ್ಲೂ ಹಾಕಿರ್ತೀವಿ. ಈ ಹೊತ್ತಲ್ಲಿ ಅದು ಕೇಳಿಸಿದ್ದು ಇದೇ ಮೊದಲು ಕಣ್ರೀ.”

ಇಬ್ಬರೂ ಅಲ್ಲೇ ನಿಂತು ಕೇಳಿದೆವು. ಹವಾಮಾನ ವರದಿ ಬರುತ್ತಿತ್ತು.

ಯಾಕಮ್ಮ

*

ಅಕ್ಟೋಬರ್ 3

ಯಾಕಮ್ಮನಿಗೆ,

ಹವಾಮಾನ ವರದಿಯನ್ನು ನಿಂತು ಕೇಳಿದವರು ನೀವಿಬ್ಬರೇ ಇರಬೇಕು. ನಿನ್ನ ಕಾಗದವನ್ನು ಗಿರಾಕಿಗೆ ಓದಿ ಹೇಳಿದೆ. ಅವನು ಪ್ರನಾಳದ ಮಾತೇ ಎತ್ತದೆ ಹೋದ. ನಾಳೆ ಹಾಲಿನವನಿಗೆ ಓದುತ್ತೇನೆ.

ಸೋರಿದ ಕಂತನ್ನು ಒಡೆಯಲಿಲ್ಲ. ಒಂದೊಂದರ ಬುಡದ ಮಣಿಯನ್ನೂ ಉರಿಗೆ ಹಿಡಿದು ಎಳೆದು ತೆಗೆದೆ, ಆಮೇಲೆ ಬಾಯಿಗಳನ್ನು ಮತ್ತೆ ತಿಕ್ಕಿದೆ. ಒಂದು ಜೊತೆಯನ್ನು ಮಾತ್ರ ಹಾಗೆಯೇ ಬಿಟ್ಟು, ನೀರು ತುಂಬಿ ಬೆಂಚಿನ ತುದಿಯಲ್ಲಿ ನಿಲ್ಲಿಸಿದ್ದೇನೆ. ಕೆಳಗೆ ತಟ್ಟೆ ಇಟ್ಟಿದ್ದೇನೆ. ನಿಧಾನವಾಗಿ ಹನಿಯುತ್ತದೆ. ನನ್ನ ಕೈಯದ್ದೇ ಅಲ್ಲವೇ, ಸೋರುವುದನ್ನೂ ನೀಟಾಗಿ ಸೋರುತ್ತದೆ.

ಈ ಪೆಟ್ಟಿಗೆಯಲ್ಲಿರುವುದು ಉಳಿದವು. ಅಂಚುಗಳನ್ನು ಮೊದಲು ಎಡ ಹೆಬ್ಬೆರಳು ನೋಡಿತು. ಆಮೇಲೆ ಬಲದ್ದು, ಹೊಸ ಚರ್ಮದ್ದು. ಅದಕ್ಕೆ ಈಗ ಮೊದಲಿಗಿಂತ ಹೆಚ್ಚು ತಿಳಿಯುತ್ತದೆ. ಗಾಜು ತಣ್ಣಗಿದೆ ಎಂಬುದನ್ನೂ ಹೇಳುತ್ತದೆ. ಒಂದೇ ಒಂದಕ್ಕೆ ಎರಡೂ ಜಗಳವಾಡಿದವು. ಅದನ್ನು ಮತ್ತೆ ಕಲ್ಲಿಗೆ ಹಾಕಿದೆ. ಮಣಿ ಹಾಕಿದ್ದು ಆಮೇಲೆ.

ರಬ್ಬರ್ ಇಟ್ಟು ನೀಲಿ ನೀರು ಹಾಕಿ ನೋಡು. ನೋಡದೆ ಉಪಯೋಗಿಸಿದರೆ ಇನ್ನು ಮುಂದೆ ಗಾಜು ಕಳಿಸುವುದಿಲ್ಲ.

ಬೆಂಕಿ ಅತ್ತೆ